ಕ್ಯಾಮೆರಾದ ಮೆಮೊರಿ ಕಾರ್ಡಿನ ಮೇಲೆ ಸೆಕೆಂಡಿಗೆ 170 ಎಂಬಿ, ಕಂಪ್ಯೂಟರ್‌ಗೆ ಕಾಪಿ ಆಗುವುದು 24 ಎಂಬಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಿದೆ?

ತಿಪಟೂರು ಫೋಟೋ:
ಎಲ್ಲರಿಗೂ ನಮಸ್ಕಾರ. ತಿಪಟೂರು ಸುತ್ತಮುತ್ತ ಮದುವೆ ಫೋಟೋ ತೆಗೆಯುತ್ತೇನೆ. ಶನಿವಾರ ಸಂಜೆ ರಿಸೆಪ್ಷನ್, ಭಾನುವಾರ ಬೆಳಗ್ಗೆ ಧಾರೆ. ರಿಸೆಪ್ಷನ್ ಮುಗಿಸಿ ಮನೆ ಸೇರುವಾಗ ರಾತ್ರಿ 12 ದಾಟಿರುತ್ತದೆ. ಬೆಳಗ್ಗೆ 5ಕ್ಕೆ ಮತ್ತೆ ಛತ್ರದಲ್ಲಿ ಇರಬೇಕು. ಆ ನಡುವೆ 64 ಜಿಬಿಯ ನಾಲ್ಕು ಕಾರ್ಡ್ ಖಾಲಿ ಮಾಡಬೇಕು.

ಒಂದು ಕಾರ್ಡ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತಿದೆ. ನಾಲ್ಕಕ್ಕೆ ಮೂರು ಗಂಟೆ. ಒಂದು ಮುಗಿದ ಮೇಲೆ ಎದ್ದು ಇನ್ನೊಂದು ಹಾಕಬೇಕು, ಹಾಗಾಗಿ ನಿದ್ದೆಯೇ ಇಲ್ಲ. ಕಂಪ್ಯೂಟರ್ ತೋರಿಸುವುದು ಸೆಕೆಂಡಿಗೆ 24 ಎಂಬಿ, ಕೆಲವು ಸಲ 28. ಕಾರ್ಡಿನ ಮೇಲೆ ದಪ್ಪ ಅಕ್ಷರದಲ್ಲಿ 170 ಎಂಬಿ ಅಂತ ಇದೆ. ಅದನ್ನು ನಂಬಿಯೇ ಜಾಸ್ತಿ ದುಡ್ಡು ಕೊಟ್ಟು ತಗೊಂಡೆ. ಕಾರ್ಡ್ ಕೆಟ್ಟಿದೆಯಾ, ಲ್ಯಾಪ್‌ಟಾಪ್ ಹಳೆಯದಾಯಿತಾ, ಅಥವಾ ನಾನೇ ಏನಾದರೂ ತಪ್ಪು ಮಾಡುತ್ತಿದ್ದೇನಾ? ಗೊತ್ತಿರುವವರು ದಯವಿಟ್ಟು ಹೇಳಿ. ಮುಂದಿನ ವಾರ ಮತ್ತೆ ಎರಡು ಮದುವೆ ಇವೆ.

ಕುಂದಾಪುರ ಕಡಲು:
ಕಾರ್ಡ್ ಹಾಕುವ ರೀಡರ್ ಯಾವುದು? ಅದನ್ನು ಲ್ಯಾಪ್‌ಟಾಪ್‌ನ ಯಾವ ಪೋರ್ಟ್‌ಗೆ ಚುಚ್ಚುತ್ತೀರಿ? ಪೋರ್ಟ್ ಒಳಗಿನ ಪ್ಲಾಸ್ಟಿಕ್ ನಾಲಿಗೆ ನೀಲಿಯಾ ಕಪ್ಪಾ, ಅದನ್ನು ಮೊದಲು ನೋಡಿ ಹೇಳಿ.

ತಿಪಟೂರು ಫೋಟೋ:
ರೀಡರ್ ಹಳೆಯದು ಅಣ್ಣ. ಏಳೆಂಟು ವರ್ಷದ ಹಿಂದೆ 250 ರೂಪಾಯಿಗೆ ತಗೊಂಡದ್ದು, ಎಲ್ಲ ತರಹದ ಕಾರ್ಡ್ ಹಿಡಿಯುತ್ತದೆ. ಅದರ ಪಿನ್ನಿನ ಒಳಗೆ ಕಪ್ಪು. ಲ್ಯಾಪ್‌ಟಾಪ್‌ನಲ್ಲಿ ಎರಡು ನೀಲಿ, ಒಂದು ಕಪ್ಪು. ಒಂದು ನೀಲಿಯಲ್ಲಿ ಮೌಸ್‌ನ ಸಣ್ಣ ಡಾಂಗಲ್ ಯಾವಾಗಲೂ ಇರುತ್ತದೆ. ರೀಡರ್ ಇನ್ನೊಂದು ನೀಲಿಯಲ್ಲಿ.

ಕುಂದಾಪುರ ಕಡಲು:
ಸಿಕ್ಕಿತು. ರೀಡರೇ ಕಾರಣ. ನೀಲಿ ಅಂದರೆ ಸಾಮಾನ್ಯವಾಗಿ ವೇಗದ ಯುಎಸ್‌ಬಿ 3, ಕಪ್ಪು ಅಂದರೆ ಹಳೆಯ ಯುಎಸ್‌ಬಿ 2. ಪೋರ್ಟ್ ನೀಲಿ ಇದ್ದರೆ ಸಾಲದು, ರೀಡರ್ ಕೂಡ ಯುಎಸ್‌ಬಿ 3 ಆಗಿರಬೇಕು. ಹೊಸದು ತಗೊಳ್ಳಿ.

ಬೈಟ್ ಮೇಷ್ಟ್ರು:
ಕಡಲು ಅವರು ಹೇಳಿದ್ದು ಸರಿ. ಯಾಕೆ ಅಂತಲೂ ಗೊತ್ತಾಗಲಿ, ಇಲ್ಲದಿದ್ದರೆ ನಾಳೆ ಅಂಗಡಿಯಲ್ಲಿ ಮತ್ತೆ ತಪ್ಪು ವಸ್ತು ಕೈಗೆ ಬರುತ್ತದೆ.

ಯುಎಸ್‌ಬಿ 2.0 ಬಂದದ್ದು 2000ದಲ್ಲಿ. ಅದರ ಮಿತಿ ಸೆಕೆಂಡಿಗೆ 480 ಮೆಗಾಬಿಟ್. ಇಲ್ಲಿ ಬಿಟ್ ಮತ್ತು ಬೈಟ್ ಬೇರೆ ಬೇರೆ. ಎಂಟು ಬಿಟ್‌ಗೆ ಒಂದು ಬೈಟ್. ಅಂದರೆ ಲೆಕ್ಕದಲ್ಲಿ 60 ಎಂಬಿ. ಸಾಧನಗಳು ತಮ್ಮೊಳಗೆ ಮಾತಾಡಿಕೊಳ್ಳುವುದಕ್ಕೇ ಒಂದಷ್ಟು ಹೋಗಿ, ಕೈಗೆ ಸಿಗುವುದು 35ರಿಂದ 40. ರೀಡರ್ ಹಳೆಯದಾದರೆ ನಿಮ್ಮ ಹಾಗೆ 24. ನೀವು 170ರ ಬದಲು 1000 ಎಂಬಿಯ ಕಾರ್ಡ್ ಹಾಕಿದರೂ ಆ ರೀಡರ್‌ನಲ್ಲಿ ಇಷ್ಟೇ ಬರುತ್ತದೆ.

ಯುಎಸ್‌ಬಿ 3.0 ಬಂದದ್ದು 2008ರಲ್ಲಿ. ಸೆಕೆಂಡಿಗೆ 5 ಗಿಗಾಬಿಟ್. ನಿಜವಾಗಿ 400 ಎಂಬಿ ಆಸುಪಾಸು ಸಿಗುತ್ತದೆ. ಇದೇ 3.0ಗೆ ಆಮೇಲೆ 3.1 ಜೆನ್ 1 ಅಂತ ಹೆಸರಿಟ್ಟರು, ಮತ್ತೆ 3.2 ಜೆನ್ 1 ಅಂತ ಬದಲಿಸಿದರು. ಡಬ್ಬಿ ಮೇಲೆ ಈ ಮೂರರಲ್ಲಿ ಯಾವುದಿದ್ದರೂ ಒಂದೇ ವೇಗ. 3.2 ಅಂತ ಬರೆದಿದೆ ಅಂತ 3.0ಗಿಂತ ಜಾಸ್ತಿ ದುಡ್ಡು ಕೊಡಬೇಡಿ. 'ಜೆನ್ 2' ಅಂತ ಇದ್ದರೆ ಮಾತ್ರ 10 ಗಿಗಾಬಿಟ್.

ನಮ್ಮೂರ ಕಡೆ ಬೋರ್‌ವೆಲ್ ಲೆಕ್ಕದಲ್ಲಿ ಹೇಳುವುದಾದರೆ, ಮೂರಿಂಚು ನೀರು ಬಿದ್ದಿರಬಹುದು. ಮಧ್ಯೆ ಎಲ್ಲೋ ಒಂದು ಕಡೆ ಒಂದಿಂಚಿನ ಪೈಪ್ ಹಾಕಿದ್ದರೆ ತೊಟ್ಟಿಗೆ ಬೀಳುವುದು ಒಂದಿಂಚೇ. ಕಾರ್ಡ್, ರೀಡರ್, ಕೇಬಲ್, ಪೋರ್ಟ್, ಕೊನೆಗೆ ಫೈಲ್ ಹೋಗಿ ಕೂರುವ ಡಿಸ್ಕ್. ಐದನ್ನೂ ನೋಡಬೇಕು.

ತಿಪಟೂರು ಫೋಟೋ:
ಮೇಷ್ಟ್ರೇ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ತೋಟಕ್ಕೆ ನೀರು ಹಾಯಿಸುವ ಮನೆಯವನು ನಾನು, ಪೈಪಿನ ಮಾತು ತಟ್ಟನೆ ಅರ್ಥವಾಯಿತು. ಹಾಗಾದರೆ ಹೊಸ ರೀಡರ್ ಹಾಕಿದರೆ 170 ಬರುತ್ತದಾ?

ಕಬಿನಿ ಕಾಡು:
ಸುಮ್ನೆ ಯುಎಚ್‌ಎಸ್-2 (ಎಸ್‌ಡಿ ಕಾರ್ಡ್‌ಗಳ ಇನ್ನೂ ವೇಗದ ಬಗೆ) ರೀಡರ್ ತಗೊಂಡುಬಿಡಿ. ನನ್ನದರಲ್ಲಿ 250ರ ಮೇಲೆ ಬರುತ್ತದೆ. ಒಂದು ಸಲ ಖರ್ಚು, ಆಮೇಲೆ ಆರಾಮ.

ಬೈಟ್ ಮೇಷ್ಟ್ರು:
ಕಬಿನಿ ಸರ್, ನಿಮ್ಮ ಕಾರ್ಡೂ ಯುಎಚ್‌ಎಸ್-2 ಇರುವುದರಿಂದ ನಿಮಗೆ ಅದು ಬರುತ್ತಿದೆ. ಅವರದ್ದು 170 ಅಂದರೆ ಬಹುಶಃ ಯುಎಚ್‌ಎಸ್-1. ರೀಡರ್ ಮಾತ್ರ ದೊಡ್ಡದಾದರೆ ಪ್ರಯೋಜನ ಇಲ್ಲ.

ತಿಪಟೂರು ಅವರೇ, ಕಾರ್ಡನ್ನು ತಿರುಗಿಸಿ ಹಿಂಭಾಗ ನೋಡಿ. ಬಂಗಾರದ ಬಣ್ಣದ ಪಟ್ಟಿಗಳು ಒಂದೇ ಸಾಲಿನಲ್ಲಿ ಇದ್ದರೆ ಯುಎಚ್‌ಎಸ್-1. ಅದರ ಕೆಳಗೆ ಇನ್ನೊಂದು ಸಾಲು ಚಿಕ್ಕ ಪಟ್ಟಿಗಳು ಇದ್ದರೆ ಯುಎಚ್‌ಎಸ್-2. ದೊಡ್ಡ ಎಸ್‌ಡಿ ಕಾರ್ಡ್‌ನಲ್ಲಿ ಮೊದಲ ಸಾಲಿನಲ್ಲಿ 9, ಎರಡನೆಯದರಲ್ಲಿ 8. ಮುಂಭಾಗದಲ್ಲೂ ಸಣ್ಣದಾಗಿ ರೋಮನ್ ಅಂಕಿ ಒಂದು ಅಥವಾ ಎರಡು ಅಂತ ಗುರುತು ಇರುತ್ತದೆ.

ಯುಎಚ್‌ಎಸ್-1ರ ನಿಯಮದ ಪ್ರಕಾರ ಮಿತಿ 104 ಎಂಬಿ. ಯುಎಚ್‌ಎಸ್-2ಗೆ 312. ಹಾಗಾದರೆ ಯುಎಚ್‌ಎಸ್-1 ಕಾರ್ಡಿನ ಮೇಲೆ 170 ಹೇಗೆ ಬಂತು? ಸ್ಯಾನ್‌ಡಿಸ್ಕ್‌ನಂಥ ಕಂಪನಿಗಳು ನಿಯಮದ ಆಚೆ ತಮ್ಮದೇ ಒಂದು ದಾರಿ ಮಾಡಿಕೊಂಡಿವೆ. ಅದನ್ನು ಡಿಡಿಆರ್200 ಅಂತ ಕರೆಯುತ್ತಾರೆ. ಆ ಭಾಷೆ ಗೊತ್ತಿರುವ ರೀಡರ್ ಇದ್ದರೆ ಮಾತ್ರ 170. ಬೇರೆ ಒಳ್ಳೆಯ ಯುಎಸ್‌ಬಿ 3 ರೀಡರ್‌ನಲ್ಲಿ 85ರಿಂದ 95 ಬರುತ್ತದೆ. ಅಷ್ಟು ಬಂದರೂ ನಿಮ್ಮ ಮುಕ್ಕಾಲು ಗಂಟೆ 12 ನಿಮಿಷಕ್ಕೆ ಇಳಿಯುತ್ತದೆ.

ಧಾರವಾಡ ಪೇಡೆ:
ಇನ್ನೊಂದು ಮಾತು ಸೇರಿಸುತ್ತೇನೆ. ಆ 170 ಓದುವ ವೇಗ. ಬರೆಯುವ ವೇಗ ಬೇರೆ, ಅದು ಸಾಮಾನ್ಯವಾಗಿ ಕಡಿಮೆ. ಕಾರ್ಡಿನ ಮೇಲೆ ವಿ30, ವಿ60, ವಿ90 ಅಂತ ಇರುವುದು ಬರೆಯುವಾಗ ಕನಿಷ್ಠ ಇಷ್ಟಕ್ಕೆ ಇಳಿಯುವುದಿಲ್ಲ ಅಂತ ಕೊಡುವ ಮಾತು. ವಿ30 ಅಂದರೆ ಸೆಕೆಂಡಿಗೆ 30 ಎಂಬಿ. ಅದು ಕ್ಯಾಮೆರಾದಲ್ಲಿ ವಿಡಿಯೋ ತೆಗೆಯುವಾಗ ಮುಖ್ಯ. ಕಂಪ್ಯೂಟರ್‌ಗೆ ಇಳಿಸುವಾಗ ಓದುವ ವೇಗವೇ ಲೆಕ್ಕಕ್ಕೆ ಬರುವುದು. ನಮ್ಮ ಸ್ಟುಡಿಯೋಗೆ ಬರುವ ಹುಡುಗರು ವಿ90 ಕಾರ್ಡ್ ತಂದರೆ ಕಾಪಿ ಮೂರು ಪಟ್ಟು ಬೇಗ ಅಂತ ತಿಳಿದಿರುತ್ತಾರೆ. ಹಾಗಲ್ಲ.

ಚಿಕ್ಕಮಗಳೂರು ಕಾಫಿ:
ಹಳೇ ಕಾರ್ಡ್‌ಗಳ ಮೇಲೆ 133x, 633x ಅಂತ ಇರುತ್ತಿತ್ತಲ್ಲ, ಅದೇನು? ಇನ್ನೂ ಎರಡು ನನ್ನ ಹತ್ತಿರ ಇವೆ.

ಬೈಟ್ ಮೇಷ್ಟ್ರು:
ಅದು ಸಿಡಿ ಕಾಲದ ಅಳತೆ. ಒಂದು x ಅಂದರೆ ಸೆಕೆಂಡಿಗೆ 150 ಕೆಬಿ. 133x ಅಂದರೆ 20 ಎಂಬಿ, 633x ಅಂದರೆ 95 ಎಂಬಿ. ಗುಣಿಸಿ ನೋಡಿ.

ಬಯಲಾಟ:
ನನ್ನ ಕಥೆಯನ್ನೂ ಕೇಳಿ. ಹೊನ್ನಾವರ ಕಡೆ ಯಕ್ಷಗಾನ ರೆಕಾರ್ಡ್ ಮಾಡುತ್ತೇನೆ. ರಾತ್ರಿ ಹತ್ತಕ್ಕೆ ಚೆಂಡೆ ಶುರುವಾದರೆ ಬೆಳಗಾಗುವವರೆಗೆ ಆಟ. ಮೊದಲೆಲ್ಲ ಮೊಬೈಲ್‌ನಲ್ಲಿ ತೆಗೆದು, ಕೇಬಲ್ ಹಾಕಿ ಕಂಪ್ಯೂಟರ್‌ಗೆ ಇಳಿಸುತ್ತಿದ್ದೆ. ಮಧ್ಯೆ ನಿಂತು ಹೋಗುತ್ತಿತ್ತು. 'ಸಾಧನ ಸಿಗುತ್ತಿಲ್ಲ' ಅಂತ ಬರುತ್ತಿತ್ತು. ಮತ್ತೆ ಮೊದಲಿಂದ.

ಮೊಬೈಲ್ ಕೇಬಲ್‌ನಲ್ಲಿ ನಡೆಯುವುದು ಎಂಟಿಪಿ ಅನ್ನುವ ಪದ್ಧತಿ. ಅದು ಡಿಸ್ಕ್ ಹಾಗೆ ತೆರೆದುಕೊಳ್ಳುವುದಿಲ್ಲ. ಒಂದೊಂದು ಫೈಲನ್ನೂ ಫೋನ್‌ನ ಹತ್ತಿರ ಕೇಳಿ ಕೇಳಿ ತರುತ್ತದೆ. ಈಗ ಫೋನ್‌ನಿಂದ ಮೈಕ್ರೋ ಎಸ್‌ಡಿ ತೆಗೆದು ನೇರ ರೀಡರ್‌ಗೆ ಹಾಕುತ್ತೇನೆ. ಆವತ್ತಿನಿಂದ ಒಂದು ಪ್ರಸಂಗವೂ ಅರ್ಧಕ್ಕೆ ನಿಂತಿಲ್ಲ.

ಸರ್ವರ್ ರೂಮ್:
ಬಯಲಾಟ ಅವರು ಹೇಳಿದ್ದು ನೂರಕ್ಕೆ ನೂರು ನಿಜ. ಜೊತೆಗೆ, ಟೈಪ್-ಸಿ ಪಿನ್ ಇದೆ ಅಂದ ಮಾತ್ರಕ್ಕೆ ವೇಗ ಇದೆ ಅಂತ ಅಲ್ಲ. ಪಿನ್ನಿನ ಆಕಾರ ಬೇರೆ, ಒಳಗೆ ಓಡುವ ವೇಗ ಬೇರೆ. ಐಫೋನ್ 15 ಟೈಪ್-ಸಿಗೆ ಬಂದರೂ ಅದರ ಸಾಮಾನ್ಯ ಮಾದರಿಯಲ್ಲಿ ಇರುವುದು ಯುಎಸ್‌ಬಿ 2ರ ವೇಗವೇ. ಪ್ರೊ ಮಾದರಿಗೆ ಮಾತ್ರ 10 ಗಿಗಾಬಿಟ್ ಕೊಟ್ಟರು. ಚಾರ್ಜರ್ ಜೊತೆ ಬರುವ ಬಹಳಷ್ಟು ಕೇಬಲ್‌ಗಳಲ್ಲೂ ಯುಎಸ್‌ಬಿ 2ರ ತಂತಿಗಳು ಮಾತ್ರ ಇರುತ್ತವೆ. ಚಾರ್ಜ್ ಬೇಗ ಆಗುತ್ತದೆ, ಡೇಟಾ ನಿಧಾನ. ಟೈಪ್-ಸಿ ರೀಡರ್‌ಗೆ ಮನೆಯಲ್ಲಿರುವ ಚಾರ್ಜಿಂಗ್ ಕೇಬಲ್ ಹಾಕಬೇಡಿ, ರೀಡರ್ ಜೊತೆ ಬಂದ ಕೇಬಲ್ಲನ್ನೇ ಹಾಕಿ.

ಹೊಸ ಲೆನ್ಸ್:
ಬಯಲಾಟ ಸರ್, ನನ್ನ ವಿಡಿಯೋ 4 ಜಿಬಿಗೆ ಒಂದರಂತೆ ತುಂಡಾಗಿ ಬರುತ್ತದೆ. ಕಾರ್ಡ್ ದೋಷವಾ?

ಬಯಲಾಟ:
ಅಲ್ಲ. 32 ಜಿಬಿವರೆಗಿನ ಕಾರ್ಡ್‌ಗಳು ಫ್ಯಾಟ್32 ಪದ್ಧತಿಯಲ್ಲಿ ಬರುತ್ತವೆ. ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. 64 ಮತ್ತು ಅದಕ್ಕಿಂತ ದೊಡ್ಡವು ಎಕ್ಸ್‌ಫ್ಯಾಟ್, ಅಲ್ಲಿ ಆ ತೊಂದರೆ ಇಲ್ಲ. ಆದರೂ ಕೆಲವು ಕ್ಯಾಮೆರಾಗಳು ತಾವೇ ತುಂಡು ಮಾಡುತ್ತವೆ. ಇಡೀ ರಾತ್ರಿಯ ಆಟಕ್ಕೆ ತುಂಡಾಗುವುದೇ ಒಳ್ಳೆಯದು. ಒಂದು ಹಾಳಾದರೂ ಉಳಿದದ್ದು ಉಳಿಯುತ್ತದೆ.

ಗಡಿಯಾರ:
ಆಂಟಿವೈರಸ್ ಆಫ್ ಮಾಡಿ ನೋಡಿ. ನನಗೆ ಹಾಗೆ ಮಾಡಿದ ಮೇಲೆ ಜಾಸ್ತಿ ವೇಗ ಸಿಕ್ಕಿತು. ಎಲ್ಲ ಸೇರಿಸಿ ಒಂದು ಜಿಪ್ ಮಾಡಿ ಕಾಪಿ ಮಾಡಿದರೂ ಬೇಗ ಆಗುತ್ತದೆ.

ಧಾರವಾಡ ಪೇಡೆ:
ಆಂಟಿವೈರಸ್ ಆಫ್ ಮಾಡುವುದು ಬೇಡ ನೋಡ್ರಿ. ಪ್ರಿಂಟ್ ಹಾಕಿಸಲು ಪೆನ್‌ಡ್ರೈವ್ ಹತ್ತು ಕಡೆ ಹೋಗಿ ಬರುತ್ತದೆ. ಒಂದು ಸಲ ನಮ್ಮ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್ ಎಲ್ಲ ಮಾಯವಾಗಿ ಬರೀ ಶಾರ್ಟ್‌ಕಟ್ ಉಳಿದಿತ್ತು. ಫೋಟೋಗಳು ಒಳಗೆ ಅಡಗಿದ್ದವು. ಅವನ್ನು ಹೊರಗೆ ತರುವುದಕ್ಕೆ ಒಂದು ದಿನ ಹೋಯಿತು. ಐದು ನಿಮಿಷ ಉಳಿಸಲು ಹೋಗಿ ಒಂದು ಕುಟುಂಬದ ಸೀಮಂತದ ಫೋಟೋ ಕಳೆಯುವ ಅಪಾಯ ಯಾಕೆ?

ಸರ್ವರ್ ರೂಮ್:
ಜಿಪ್ ವಿಷಯ ಅರ್ಧ ಸರಿ, ಅರ್ಧ ತಪ್ಪು. ಸಾವಿರಾರು ಸಣ್ಣ ಫೈಲ್‌ಗಳನ್ನು ಕಾರ್ಡ್‌ಗೆ ಹಾಕುವಾಗ ಮೊದಲು ಕಂಪ್ಯೂಟರ್‌ನಲ್ಲಿ ಒಂದೇ ಕಡತ ಮಾಡಿ ಹಾಕಿದರೆ ಖಂಡಿತ ಬೇಗ. ಪ್ರತಿ ಫೈಲ್‌ಗೂ ಹೆಸರು, ಜಾಗ, ಸಮಯ ಅಂತ ಪಟ್ಟಿಯಲ್ಲಿ ಬರೆಯಬೇಕು, ಆ ಕೆಲಸ ಉಳಿಯುತ್ತದೆ. ಆದರೆ ಕಾರ್ಡ್‌ನಿಂದ ತರುವಾಗ ಜಿಪ್ ಮಾಡಲು ಹೇಗಿದ್ದರೂ ಎಲ್ಲವನ್ನೂ ಓದಲೇಬೇಕು. ಲಾಭ ಇಲ್ಲ. ಇವರದ್ದು ತಲಾ 25-30 ಎಂಬಿಯ ರಾ ಫೈಲ್‌ಗಳು, ಅಂದರೆ ಕ್ಯಾಮೆರಾ ಕುಗ್ಗಿಸದೆ ಕೊಡುವ ದೊಡ್ಡ ಫೋಟೋ ಫೈಲ್‌ಗಳು. ಅಲ್ಲಿ ಸಣ್ಣ ಫೈಲ್ ಸಮಸ್ಯೆಯೇ ಬರುವುದಿಲ್ಲ. ವಾಟ್ಸಾಪ್ ಫೋಲ್ಡರ್ ಕಾಪಿ ಮಾಡುವವರಿಗೆ ಅದು ಕಾಡುತ್ತದೆ.

ಗಡಿಯಾರ:
ಸರಿ, ಒಪ್ಪಿದೆ. ನಾನು ಹಾಕುವ ಕಡೆಯಿಂದ ಯೋಚಿಸುತ್ತಿದ್ದೆ. ಆದರೆ ವಿಂಡೋಸ್‌ನಲ್ಲಿ 'ಬೆಟರ್ ಪರ್ಫಾರ್ಮೆನ್ಸ್' ಅಂತ ಒಂದು ಆಯ್ಕೆ ಇದೆಯಲ್ಲ? ಅದನ್ನು ಒತ್ತಿದರೆ?

ಸರ್ವರ್ ರೂಮ್:
ಅದೂ ಹಾಕುವ ಕಡೆಯದ್ದೇ. ಬರೆಯಬೇಕಾದ್ದನ್ನು ಮೊದಲು ಮೆಮೊರಿಯಲ್ಲಿ ಇಟ್ಟುಕೊಂಡು ಆಮೇಲೆ ನಿಧಾನವಾಗಿ ಕಾರ್ಡ್‌ಗೆ ಬರೆಯುತ್ತದೆ. ಓದುವುದಕ್ಕೆ ಏನೂ ಸಹಾಯ ಇಲ್ಲ. ವಿಂಡೋಸ್ 10ರ 1809 ಆವೃತ್ತಿಯಿಂದ 'ಕ್ವಿಕ್ ರಿಮೂವಲ್' ಅನ್ನುವುದೇ ಮೊದಲ ಆಯ್ಕೆ ಆಗಿದೆ. ಅದು ಬದಲಿಸಿದರೆ ಪ್ರತಿ ಸಲ ಇಜೆಕ್ಟ್ ಮಾಡಲೇಬೇಕು, ಮರೆತು ಕಿತ್ತರೆ ಫೈಲ್ ಹೋಗುತ್ತದೆ.

ಲಿನಕ್ಸ್ ಬಳಸುವವರು ಇದನ್ನು ದಿನಾ ನೋಡಿರುತ್ತಾರೆ. ಪೆನ್‌ಡ್ರೈವ್‌ಗೆ 3 ಜಿಬಿ ಕಾಪಿ ಕೊಟ್ಟರೆ ಪಟ್ಟಿ ಸರ್ರನೆ ಕೊನೆ ಮುಟ್ಟುತ್ತದೆ. ಇಜೆಕ್ಟ್ ಒತ್ತಿದರೆ ಐದು ನಿಮಿಷ ಸುಮ್ಮನೆ ಕೂರುತ್ತದೆ. ಆ ಐದು ನಿಮಿಷದಲ್ಲೇ ನಿಜವಾದ ಬರವಣಿಗೆ ನಡೆಯುವುದು. ಟರ್ಮಿನಲ್‌ನಲ್ಲಿ 'ಸಿಂಕ್' ಅಂತ ಕೊಟ್ಟು, ಅದು ಮುಗಿಯುವವರೆಗೆ ಕಾದು ಆಮೇಲೆ ತೆಗೆಯಿರಿ.

ಕುಂದಾಪುರ ಕಡಲು:
ಒಂದು ವಿಚಿತ್ರ ಹೇಳುತ್ತೇನೆ, ನಂಬಿದರೆ ನಂಬಿ. ಯುಎಸ್‌ಬಿ 3 ರೀಡರನ್ನು ಮೆಲ್ಲಗೆ ಚುಚ್ಚಿದರೆ ಕೆಲವು ಸಲ ಯುಎಸ್‌ಬಿ 2 ಆಗಿಯೇ ಕೂರುತ್ತದೆ. ಒಂದೇ ಏಟಿಗೆ ಚುಚ್ಚಬೇಕು.

ಕಬಿನಿ ಕಾಡು:
ಇದು ಸ್ವಲ್ಪ ಜಾಸ್ತಿಯಾಯಿತು. ಕೈಯ ವೇಗಕ್ಕೂ ಫೈಲ್ ವೇಗಕ್ಕೂ ಏನು ಸಂಬಂಧ?

ಸರ್ವರ್ ರೂಮ್:
ಸಂಬಂಧ ಇದೆ ಸರ್. ನೀಲಿ ಪಿನ್ನಿನ ಒಳಗೆ ನೋಡಿ. ಮುಂದೆ ನಾಲ್ಕು ಅಗಲ ಪಟ್ಟಿ, ಅವು ಹಳೇ ಯುಎಸ್‌ಬಿಯವು. ಒಳಗೆ ಹಿಂದೆ ಇನ್ನೈದು ಚಿಕ್ಕವು, ಅವು ಯುಎಸ್‌ಬಿ 3ರವು. ನಿಧಾನಕ್ಕೆ ತಳ್ಳಿದರೆ ಮುಂದಿನ ನಾಲ್ಕು ಮೊದಲು ತಾಗುತ್ತವೆ. ಕಂಪ್ಯೂಟರ್ 'ಓ, ಯುಎಸ್‌ಬಿ 2 ಸಾಧನ ಬಂತು' ಅಂತ ಪರಿಚಯ ಮುಗಿಸಿಬಿಡುತ್ತದೆ.

ಈಗಷ್ಟೇ ನನ್ನ ಕಂಪ್ಯೂಟರ್‌ನಲ್ಲಿ ಪರೀಕ್ಷೆ ಮಾಡಿದೆ. ಹತ್ತು ಸಲ ಮೆಲ್ಲಗೆ ತಳ್ಳಿದೆ. ಮೂರು ಸಲ 480 ಮೆಗಾಬಿಟ್ (ಯುಎಸ್‌ಬಿ 2) ತೋರಿಸಿತು, ಏಳು ಸಲ 5000 (ಯುಎಸ್‌ಬಿ 3). ಬೇಗ ತಳ್ಳಿದಾಗ ಹತ್ತಕ್ಕೆ ಹತ್ತು ಸಲ 5000. ಲಿನಕ್ಸ್‌ನಲ್ಲಿ 'ಎಲ್‌ಎಸ್‌ಯುಎಸ್‌ಬಿ' ಆದೇಶಕ್ಕೆ 'ಟಿ' ಆಯ್ಕೆ ಕೊಟ್ಟರೆ ಈ ಅಂಕಿ ಸಾಲಿನ ಕೊನೆಯಲ್ಲಿ ಕಾಣುತ್ತದೆ. ವಿಂಡೋಸ್‌ನವರಿಗೆ 'ಯುಎಸ್‌ಬಿ ಟ್ರೀ ವ್ಯೂ' ಅಂತ ಉಚಿತ ತಂತ್ರಾಂಶ ಇದೆ.

ಕಬಿನಿ ಕಾಡು:
ನಾನೂ ಈಗ ಮಾಡಿ ನೋಡಿದೆ. ಐದರಲ್ಲಿ ಒಂದು ಸಲ ನಿಧಾನಕ್ಕೆ ಬಂತು. ಕಡಲು ಅವರೇ, ಕ್ಷಮಿಸಿ, ನೀವು ಹೇಳಿದ್ದೇ ಸರಿ. ಇಷ್ಟು ವರ್ಷ 'ಇವತ್ತು ಯಾಕೋ ನಿಧಾನ' ಅಂತ ಕಾರ್ಡನ್ನು ಬೈಯುತ್ತಿದ್ದೆ.

ಚಿಕ್ಕಮಗಳೂರು ಕಾಫಿ:
ನನಗೆ ಬೇರೆ ತೊಂದರೆ. ಯುಎಸ್‌ಬಿ 3 ರೀಡರ್ ಹಾಕಿ ಕಾಪಿ ಶುರುವಾದ ಕೂಡಲೇ ವೈರ್‌ಲೆಸ್ ಮೌಸ್ ಎಳೆದಾಡುತ್ತದೆ. ಕಾಪಿ ಮುಗಿದರೆ ಮೌಸ್ ಸರಿ.

ಬೈಟ್ ಮೇಷ್ಟ್ರು:
ಮೌಸ್‌ನ ಡಾಂಗಲ್ ರೀಡರ್ ಪಕ್ಕದ ಪೋರ್ಟ್‌ನಲ್ಲೇ ಇದೆ ಅಲ್ವಾ? ಯುಎಸ್‌ಬಿ 3 ಓಡುವಾಗ ಹೊರಡುವ ಗದ್ದಲ 2.4 ಗಿಗಾಹರ್ಟ್ಸ್ ಪಟ್ಟಿಗೂ ತಾಗುತ್ತದೆ. ಮೌಸ್ ಮಾತಾಡುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಈ ಬಗ್ಗೆ ಒಂದು ವರದಿ ಕೊಟ್ಟಿದೆ. ಡಾಂಗಲ್ಲನ್ನು ಇನ್ನೊಂದು ಬದಿಯ ಕಪ್ಪು ಪೋರ್ಟ್‌ಗೆ ಹಾಕಿ. ಮೌಸ್‌ಗೆ ನೀಲಿ ಬೇಕಾಗಿಯೇ ಇಲ್ಲ. ತಿಪಟೂರು ಅವರೂ ಇದನ್ನೇ ಮಾಡಲಿ, ಒಂದು ನೀಲಿ ಖಾಲಿಯಾಗುತ್ತದೆ.

ಚಿಕ್ಕಮಗಳೂರು ಕಾಫಿ:
ಬದಲಿಸಿದೆ. ಮೌಸ್ ಈಗ ಬೆಣ್ಣೆ ಹಾಗೆ ಓಡುತ್ತಿದೆ. ತುಂಬಾ ಥ್ಯಾಂಕ್ಸ್ ಮೇಷ್ಟ್ರೇ.

ಅಮ್ಮನ ಕಾರ್ಡು:
ಸ್ವಲ್ಪ ಬೇರೆ ವಿಷಯ, ಆದರೂ ಹೇಳಲೇಬೇಕು. ವೇಗ ತೀರಾ ಕಡಿಮೆ ಇದ್ದರೆ ಕಾರ್ಡ್ ನಕಲಿಯಾ ಅಂತಲೂ ನೋಡಿ. ಮಗಳ ನಾಮಕರಣಕ್ಕೆ ಮುಂಚೆ 128 ಜಿಬಿ ಕಾರ್ಡ್ ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಗೊಂಡೆ. ಡಬ್ಬಿ, ಅಕ್ಷರ, ಬಣ್ಣ ಎಲ್ಲ ಅಸಲಿಯ ಹಾಗೇ ಇತ್ತು. ಕಂಪ್ಯೂಟರ್‌ನಲ್ಲಿ 128 ಅಂತಲೇ ತೋರಿಸಿತು. ಫೋಟೋ ತೆಗೆದೆವು, ಕ್ಯಾಮೆರಾ ಪರದೆಯಲ್ಲಿ ಹೆಸರುಗಳೂ ಬಂದವು. ಮನೆಗೆ ಬಂದು ತೆರೆದರೆ ಮೊದಲ ಕೆಲವು ನೂರು ಸರಿ ಇದ್ದವು. ಆಮೇಲಿನವು ಅರ್ಧ ಬೂದು ಬಣ್ಣ, ಅರ್ಧ ಮುಖ. ತೊಟ್ಟಿಲಿಗೆ ಹಾಕಿದ ಫೋಟೋ ಒಂದೂ ಉಳಿಯಲಿಲ್ಲ. ಒಳಗೆ ಇದ್ದದ್ದು 16 ಜಿಬಿ ಮಾತ್ರ.

ನಮ್ಮ ಅಮ್ಮ ಆ ಒಂದು ಫೋಟೋ ಕೇಳುತ್ತಲೇ ಇರುತ್ತಾರೆ. ಹಾಗಾಗಿ ಹೊಸ ಕಾರ್ಡ್ ತಂದವರು ಮೊದಲ ದಿನವೇ ಪರೀಕ್ಷೆ ಮಾಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ಸರ್ವರ್ ರೂಮ್:
ಓದಿ ಬೇಜಾರಾಯಿತು ಮೇಡಂ. ಪರೀಕ್ಷೆಗೆ ವಿಂಡೋಸ್‌ನಲ್ಲಿ 'ಎಚ್2ಟೆಸ್ಟ್‌ಡಬ್ಲ್ಯೂ', ಲಿನಕ್ಸ್ ಮತ್ತು ಮ್ಯಾಕ್‌ನಲ್ಲಿ 'ಎಫ್3'. ಎರಡೂ ಉಚಿತ. ಇಡೀ ಕಾರ್ಡ್ ತುಂಬಿಸಿ ಮತ್ತೆ ಓದಿ ನೋಡುತ್ತವೆ. ನಕಲಿಯಾದರೆ ಎಷ್ಟು ಜಿಬಿ ನಿಜ ಅಂತ ಹೇಳುತ್ತವೆ. ಓದುವ, ಬರೆಯುವ ವೇಗವೂ ಅದರಲ್ಲೇ ಬರುತ್ತದೆ. 128 ಜಿಬಿಗೆ ಗಂಟೆಗಟ್ಟಲೆ ಹಿಡಿಯಬಹುದು, ರಾತ್ರಿ ಹಾಕಿ ಮಲಗಿ.

ತಿಪಟೂರು ಫೋಟೋ:
ಅಕ್ಕ, ನಿಮ್ಮ ಮಾತು ಓದಿ ಕೈ ನಡುಗಿತು. ಬೇರೆಯವರ ಮನೆಯ ಅಂಥ ಫೋಟೋಗಳೇ ನನ್ನ ಜೇಬಿನಲ್ಲಿ ಓಡಾಡುವುದು. ನಾಲ್ಕೂ ಕಾರ್ಡ್ ಈ ವಾರವೇ ಪರೀಕ್ಷೆ ಮಾಡುತ್ತೇನೆ.

ಹೊಸ ರೀಡರ್ ಬಂತು. ಬೆಂಗಳೂರಿಗೆ ಹೋಗಿದ್ದ ತಮ್ಮನ ಕೈಯಲ್ಲಿ ಎಸ್.ಪಿ. ರೋಡ್‌ನಿಂದ ತರಿಸಿದೆ. ಕಾರ್ಡ್ ಹಿಂಭಾಗ ಒಂದೇ ಸಾಲು, ಯುಎಚ್‌ಎಸ್-1. ಒಂದೇ ಏಟಿಗೆ ಚುಚ್ಚಿದೆ. ಮೊದಲು 88 ತೋರಿಸಿತು, ಖುಷಿಯಾಯಿತು. ಎರಡು ನಿಮಿಷ ಆದ ಮೇಲೆ 30ಕ್ಕೆ ಇಳಿದು ಅಲ್ಲೇ ನಿಂತಿತು. ಏನಿದು?

ಬೈಟ್ ಮೇಷ್ಟ್ರು:
ಎಲ್ಲಿಗೆ ಕಾಪಿ ಮಾಡುತ್ತಿದ್ದೀರಿ?

ತಿಪಟೂರು ಫೋಟೋ:
ಹೊರಗಿನ 2 ಟಿಬಿ ಹಾರ್ಡ್ ಡಿಸ್ಕ್‌ಗೆ. ಲ್ಯಾಪ್‌ಟಾಪ್ ಒಳಗೆ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಇದೆ, ಆದರೆ 512 ಜಿಬಿ ಅಷ್ಟೇ.

ಬೈಟ್ ಮೇಷ್ಟ್ರು:
ಹಾರ್ಡ್ ಡಿಸ್ಕ್ ಯಾವ ಪೋರ್ಟ್‌ನಲ್ಲಿದೆ?

ತಿಪಟೂರು ಫೋಟೋ:
ಅಯ್ಯೋ. ಕಪ್ಪು ಪೋರ್ಟ್‌ನಲ್ಲಿದೆ.

ಬೈಟ್ ಮೇಷ್ಟ್ರು:
ಅದೇ ಒಂದಿಂಚಿನ ಪೈಪ್. ಮೊದಲು 88 ತೋರಿಸಿದ್ದು ಕಂಪ್ಯೂಟರ್ ತನ್ನ ಮೆಮೊರಿಗೆ ತುಂಬಿಕೊಳ್ಳುತ್ತಿದ್ದಾಗ. ಅದು ತುಂಬಿದ ಮೇಲೆ ಹಾರ್ಡ್ ಡಿಸ್ಕ್‌ನ ದಾರಿ ಎಷ್ಟು ಬಿಡುತ್ತದೋ ಅಷ್ಟೇ. ಮೌಸ್ ಡಾಂಗಲ್ ಕಪ್ಪಿಗೆ, ಹಾರ್ಡ್ ಡಿಸ್ಕ್ ನೀಲಿಗೆ. ಅದಕ್ಕಿಂತ ಒಳ್ಳೆಯದು, ರಾತ್ರಿ ಕಾರ್ಡ್‌ಗಳನ್ನು ಮೊದಲು ಒಳಗಿನ ಎಸ್‌ಎಸ್‌ಡಿಗೆ ಇಳಿಸಿ. ಆಮೇಲೆ ಎಸ್‌ಎಸ್‌ಡಿಯಿಂದ ಹಾರ್ಡ್ ಡಿಸ್ಕ್‌ಗೆ ಕಾಪಿ ಕೊಟ್ಟು ಮಲಗಿಬಿಡಿ. ಅದಕ್ಕೆ ನೀವು ಎದ್ದಿರಬೇಕಾಗಿಲ್ಲ.

ಗಡಿಯಾರ:
ಎರಡು ರೀಡರ್ ಇಟ್ಟುಕೊಂಡು ಎರಡು ಕಾರ್ಡ್ ಒಟ್ಟಿಗೆ ಹಾಕಿದರೆ ಇನ್ನೂ ಬೇಗ ಅಲ್ವಾ?

ಸರ್ವರ್ ರೂಮ್:
ಎಸ್‌ಎಸ್‌ಡಿಗೆ ಆದರೆ ಹೌದು. ತಲಾ 90ರಂತೆ 180, ಯುಎಸ್‌ಬಿ 3 ಅದನ್ನು ಸಲೀಸಾಗಿ ಹೊರುತ್ತದೆ. ತಿರುಗುವ ಹಾರ್ಡ್ ಡಿಸ್ಕ್‌ಗೆ ಎರಡು ಕಡೆಯಿಂದ ಒಟ್ಟಿಗೆ ಕೊಡಬೇಡಿ. ಅದರ ಮುಳ್ಳು ಅಲ್ಲಿಂದ ಇಲ್ಲಿಗೆ ಓಡಾಡಿ, ಒಂದಾದ ಮೇಲೆ ಒಂದು ಮಾಡುವುದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಕಬಿನಿ ಕಾಡು:
ಮತ್ತೆ ಲೈಟ್‌ರೂಮ್ (ಫೋಟೋ ತಿದ್ದುವ ತಂತ್ರಾಂಶ) ತೆರೆದು ಅದರ ಮೂಲಕವೇ ಇಂಪೋರ್ಟ್ ಮಾಡಬೇಡಿ. ಅದು ಕಾಪಿ ಜೊತೆಗೆ ಪ್ರಿವ್ಯೂ ಕೂಡ ತಯಾರಿಸುತ್ತಾ ಕೂರುತ್ತದೆ. ನಾನು ಮೊದಲು ಸುಮ್ನೆ ಫೋಲ್ಡರ್‌ಗೆ ಕಾಪಿ ಮಾಡುತ್ತೇನೆ, ಬೆಳಗ್ಗೆ ಇಂಪೋರ್ಟ್. ಸಫಾರಿಯಿಂದ ಬಂದು ಸಂಜೆ ಸಫಾರಿಗೆ ಹೋಗುವ ಮಧ್ಯೆ ಎರಡೂವರೆ ಸಾವಿರ ಫ್ರೇಮ್ ಇಳಿಸಬೇಕು. ಚಿರತೆ ಮರದಿಂದ ಇಳಿದರೆ ಕ್ಯಾಮೆರಾ ಸೆಕೆಂಡಿಗೆ 20 ಫ್ರೇಮ್ ಹೊಡೆಯುತ್ತದೆ. ನನ್ನ ಇನ್ನೊಂದು ಕ್ಯಾಮೆರಾದಲ್ಲಿ ಸಿಎಫ್ ಎಕ್ಸ್‌ಪ್ರೆಸ್ ಟೈಪ್-ಬಿ ಅನ್ನುವ, ಎಸ್‌ಡಿಗಿಂತ ವೇಗದ ಬೇರೆ ಬಗೆಯ ಕಾರ್ಡ್ ಇದೆ. ಅದಕ್ಕೆ 10 ಗಿಗಾಬಿಟ್ ರೀಡರ್ ಬೇಕೇ ಬೇಕು. ಕಾರ್ಡ್ ಮುಟ್ಟಿದರೆ ಬಿಸಿ ಬಿಸಿ ಇರುತ್ತದೆ, ಬಿಸಿ ಜಾಸ್ತಿಯಾದರೆ ತಾನೇ ನಿಧಾನ ಮಾಡಿಕೊಳ್ಳುತ್ತದೆ. ರೀಡರನ್ನು ಹಾಸಿಗೆ ಮೇಲೆ, ದಿಂಬಿನ ಮೇಲೆ ಇಡಬೇಡಿ.

ಹೊಸ ಲೆನ್ಸ್:
ನಾನು ಕಟ್ ಮಾಡಿ ಪೇಸ್ಟ್ ಮಾಡುತ್ತೇನೆ. ಕಾರ್ಡೂ ಖಾಲಿ, ಕೆಲಸವೂ ಮುಗಿಯಿತು.

ಧಾರವಾಡ ಪೇಡೆ:
ತಮ್ಮಾ, ದಯವಿಟ್ಟು ಅದನ್ನು ಇವತ್ತೇ ಬಿಡು. ಮಧ್ಯೆ ಕರೆಂಟ್ ಹೋಗಿ, ಕೇಬಲ್ ಅಲುಗಾಡಿದರೆ ಏನು ಎಲ್ಲಿದೆ ಅಂತ ಹುಡುಕುವುದೇ ಕಷ್ಟ. ಕಾಪಿ ಮಾಡು. ಎರಡು ಕಡೆ ಇಡು. ಫೈಲ್‌ಗಳ ಎಣಿಕೆ ಮತ್ತು ಗಾತ್ರ ಎರಡೂ ಕಡೆ ಒಂದೇ ಇದೆಯಾ ನೋಡು. 'ಟೆರಾಕಾಪಿ' ತರಹದ ಕಾಪಿ ತಂತ್ರಾಂಶ ಇದ್ದರೆ ವೆರಿಫೈ ಹಾಕು, ಅದು ಎರಡೂ ಕಡೆ ಓದಿ ತಾಳೆ ನೋಡುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಜಾಸ್ತಿ, ಆದರೂ ಮಾಡಲೇಬೇಕು. ಆಮೇಲೆ ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡು.

ಗಡಿಯಾರ:
ಮದುವೆ ಸೀಸನ್‌ನಲ್ಲಿ ಇದಕ್ಕೆಲ್ಲ ಹೊತ್ತು ಎಲ್ಲಿದೆ ಮೇಡಂ? ವೇಗ ಬೇಕು ಅಂತ ಶುರುವಾದ ಚರ್ಚೆ ಇದು.

ಧಾರವಾಡ ಪೇಡೆ:
ಮುಕ್ಕಾಲು ಗಂಟೆ 12 ನಿಮಿಷಕ್ಕೆ ಇಳಿದ ಮೇಲೆ ಉಳಿದ ಹೊತ್ತು ಅದಕ್ಕೇ ಅಲ್ವಾ? ತಾಳಿ ಕಟ್ಟುವುದು ಒಂದೇ ಸಲ. ಇನ್ನೊಮ್ಮೆ ಕಟ್ಟಿ ಅಂತ ಕೇಳಲು ಆಗುವುದಿಲ್ಲ.

ತಿಪಟೂರು ಫೋಟೋ:
ಶನಿವಾರದ ವರದಿ ಕೊಡುತ್ತೇನೆ. ರಿಸೆಪ್ಷನ್ ಮುಗಿಸಿ 12:20ಕ್ಕೆ ಮನೆಗೆ ಬಂದೆ. ನಾಲ್ಕು ಕಾರ್ಡ್‌ಗಳಲ್ಲಿ ಮೂರು ತುಂಬಿದ್ದವು, ಒಂದು ಅರ್ಧ. ತುಂಬಿದ ಕಾರ್ಡ್‌ಗೆ ಹನ್ನೊಂದು ನಿಮಿಷ ಚಿಲ್ಲರೆ. ಮೂರನೆಯದಕ್ಕೆ ಒಂದು ಸಲ 35 ತೋರಿಸಿತು. ಕಿತ್ತು ಒಂದೇ ಏಟಿಗೆ ಮತ್ತೆ ಚುಚ್ಚಿದೆ, 87ಕ್ಕೆ ಬಂತು. 1:10ಕ್ಕೆ ಎಲ್ಲ ಎಸ್‌ಎಸ್‌ಡಿಯಲ್ಲಿ. ಹಾರ್ಡ್ ಡಿಸ್ಕ್‌ಗೆ ವೆರಿಫೈ ಹಾಕಿ ಕಾಪಿ ಕೊಟ್ಟು ಮಲಗಿದೆ. 4:15ಕ್ಕೆ ಎದ್ದಾಗ ಎಲ್ಲ ಹಸಿರು ಟಿಕ್.

ಇನ್ನೊಂದು ಮಾಡಿದೆ. ತಾತನ ಹಿತ್ತಾಳೆ ಎಲೆ-ಅಡಿಕೆ ಡಬ್ಬಿ ಮನೆಯಲ್ಲಿ ಸುಮ್ನೆ ಇತ್ತು. ಒಳಗೆ ಸ್ಪಂಜ್ ಹಾಕಿದೆ. ಸುಣ್ಣದ ಗೂಡಿನ ಕಡೆ ಖಾಲಿ ಕಾರ್ಡ್, ಅಡಿಕೆ ಗೂಡಿನ ಕಡೆ ತುಂಬಿದ್ದು. ತುಂಬಿದ್ದನ್ನು ಮುಖ ಕೆಳಗೆ ಮಾಡಿ ಇಡುತ್ತೇನೆ. ಕತ್ತಲಲ್ಲೂ ಕೈಗೆ ಗೊತ್ತಾಗುತ್ತದೆ. ಧಾರೆ ಮಂಟಪದ ಪಕ್ಕದಲ್ಲಿ ಕಾರ್ಡ್ ಬದಲಿಸುವಾಗ ಮೊದಲ ಸಲ ಗಾಬರಿಯಾಗಲಿಲ್ಲ.

ಅಮ್ಮನ ಕಾರ್ಡು:
ಈ ಡಬ್ಬಿ ಓದಿ ತುಂಬಾ ಖುಷಿಯಾಯಿತು ತಮ್ಮಾ. ಕಾರ್ಡ್ ಪರೀಕ್ಷೆ ಆಯಿತಾ?

ತಿಪಟೂರು ಫೋಟೋ:
ಆಯಿತು ಅಕ್ಕ. ನಾಲ್ಕೂ ಅಸಲಿ. ಆದರೆ ಒಂದರಲ್ಲಿ ಪಕ್ಕದ ಸಣ್ಣ ಲಾಕ್ ಕಡ್ಡಿ ಮುರಿದು ಬಿದ್ದಿದೆ. ಕಂಪ್ಯೂಟರ್‌ನಲ್ಲಿ ಓದುತ್ತದೆ, ಕ್ಯಾಮೆರಾಗೆ ಹಾಕಿದರೆ 'ಕಾರ್ಡ್ ಲಾಕ್ ಆಗಿದೆ' ಅನ್ನುತ್ತದೆ. ಎಸೆಯಬೇಕಾ?

ಕುಂದಾಪುರ ಕಡಲು:
ಬೇಡ. ಲಾಕ್ ಇರುವುದು ಕಾರ್ಡ್ ಒಳಗಲ್ಲ. ಆ ಜಾಗ ಖಾಲಿ ಇದೆಯಾ, ಕಡ್ಡಿ ಇದೆಯಾ ಅಂತ ಕ್ಯಾಮೆರಾ ಮುಟ್ಟಿ ನೋಡುತ್ತದೆ, ಅಷ್ಟೇ. ಕಡ್ಡಿ ಇದ್ದ ಜಾಗ ಮುಚ್ಚುವ ಹಾಗೆ ಒಂದು ಸಣ್ಣ ತುಂಡು ಸೆಲ್ಲೋಟೇಪ್ ನೀಟಾಗಿ ಸುತ್ತಿ. ಬಂಗಾರದ ಪಟ್ಟಿಗಳ ಮೇಲೆ ಬರಬಾರದು. ಕ್ಯಾಮೆರಾ ಬರೆಯುತ್ತದೆ. ಆದರೆ ಆ ಕಾರ್ಡನ್ನು ಧಾರೆಗೆ ಹಾಕಬೇಡಿ, ಟೇಪ್ ಒಳಗೆ ಸಿಕ್ಕಿಕೊಂಡರೆ ಕಷ್ಟ. ಮನೆಯಲ್ಲಿ ಇಟ್ಟುಕೊಳ್ಳಿ.

ತಿಪಟೂರು ಫೋಟೋ:
ಸುತ್ತಿದೆ. ಫಾರ್ಮ್ಯಾಟ್ ಆಯಿತು. ಇದು ತೋಟದ ಫೋಟೋಗಳಿಗೆ ಇರಲಿ.